ಬಿಟ್ಟಿ ತಿಜೋರಿಗೆ ಬೀಗದವನ ದೂರು

ಮಾನ್ಯ ಪಾಸ್‌ವರ್ಡ್ ತಿಜೋರಿಯವರೇ,

ನನ್ನ ಫೋನಿನ ಪರದೆಯಲ್ಲಿ ಟಾರ್ಚಿಗೂ ಕ್ಯಾಲ್ಕುಲೇಟರಿಗೂ ನಡುವೆ ಬಾಡಿಗೆಯಿಲ್ಲದೆ ವಾಸವಾಗಿರುವ ತಮ್ಮ ಸನ್ನಿಧಿಗೆ, ಬಸ್ ನಿಲ್ದಾಣದ ಎದುರಿನ ಬೀಗ ರಿಪೇರಿ ಅಂಗಡಿಯವನು ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮೊಳಗೆ ಯಾರೂ ನುಗ್ಗಲಾರರಾದ್ದರಿಂದ ತಮಗೆ ನೆಗಡಿಯೂ ತಗಲುವಂತಿಲ್ಲ. ನನ್ನ ಎರಡೂ ಮುಂಗೈಗಳ ಪ್ಲಾಸ್ಟರನ್ನು ಮೊನ್ನೆ ಕತ್ತರಿಸಿ ತೆಗೆದರು; ಆದ್ದರಿಂದ ವಾಸಿಯಾದ ಕೈಯಿಂದ ನಾನು ಬರೆಯುತ್ತಿರುವ ಮೊದಲ ಬರಹವೇ ತಮ್ಮ ಮೇಲಿನ ದೂರು ಎಂಬ ಗೌರವ ತಮಗೆ ಸಲ್ಲುತ್ತದೆ.

ದೂರು ಕೊಡುವುದೂ ಸುಲಭವಲ್ಲ ಸ್ವಾಮೀ. ಕಾಸು ಕೊಟ್ಟು ತಂದ ಸಾಮಾನಾಗಿದ್ದರೆ ಅಂಗಡಿಯವನ ಮುಂದೆ ಕುಕ್ಕಿ, ವಾಪಸ್ ತಗೊಳ್ಳಯ್ಯಾ ಎಂದು ಜಗಳ ತೆಗೆಯಬಹುದಿತ್ತು. ತಾವೋ ಪೂರ್ತಿ ಬಿಟ್ಟಿ. ಅದೂ ಸಾಲದೆಂದು ತಮ್ಮನ್ನು ಕಟ್ಟಿದ ಪುಣ್ಯಾತ್ಮರು ತಮ್ಮ ಒಳಗಿನ ಕೋಡನ್ನು ಒಂದೊಂದು ತಿರುಪು ಸ್ಪ್ರಿಂಗಿನ ಸಮೇತ ಬಿಚ್ಚಿ, ಯಾರು ಬೇಕಾದರೂ ಬಂದು ನೋಡಿಕೊಳ್ಳಿ ಎಂದು ಲೋಕದ ಮುಂದೆ ಹರಡಿಟ್ಟಿದ್ದಾರೆ. ನನ್ನ ಕಸುಬಿನಲ್ಲಿ ಬೀಗದ ಹೊಟ್ಟೆಯನ್ನು ಹೀಗೆ ಬೀದಿಯಲ್ಲಿ ತೆರೆದಿಟ್ಟರೆ ಬೆಳಗಾಗುವುದರೊಳಗೆ ಬೀದಿಯೇ ಖಾಲಿಯಾಗಿರುತ್ತದೆ. ತಮ್ಮದು ಮಾತ್ರ ಎಷ್ಟು ಜನ ನೋಡಿದರೆ ಅಷ್ಟು ಗಟ್ಟಿಯಂತೆ. ಇರಲಿ, ದೊಡ್ಡವರ ವಿಷಯ.

ತಮ್ಮನ್ನು ನನಗೆ ಪರಿಚಯಿಸಿದವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿ ನಿವೃತ್ತರಾದವರು. ಕೊಲೆಯ ಸಾಕ್ಷಿಯಾದರೂ ಕೋಳಿ ಕದ್ದ ಸಾಕ್ಷಿಯಾದರೂ ಮುಖದ ಒಂದು ಗೆರೆ ಅಲ್ಲಾಡಿಸದೆ ಹೇಳಿದ್ದನ್ನು ಹೇಳಿದ ಹಾಗೆ ಟೈಪು ಮಾಡಿದವರು. ಊರಿನವರ ಬೀಗಗಳಿಗೆಲ್ಲ ಬೇರೆಬೇರೆ ಕೀಲಿಕೈ ಮಾಡಿಕೊಡುವ ನಾನು, ನನ್ನ ಖಾತೆಗಳಿಗೆ ಮಾತ್ರ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದೆ. ಯಾವನೋ ಪುಂಡ ಅದನ್ನು ಹಾರಿಸಿ, ನನ್ನ ಹೆಸರಿನಲ್ಲಿ, ನನ್ನದೇ ಬೋಳುತಲೆಯ ಫೋಟೋ ಹಾಕಿ, ಕೂದಲು ಬೆಳೆಸುವ ಎಣ್ಣೆ ಮಾರತೊಡಗಿದ. ಆಗ ಷಡ್ಡಕರೇ ಮನೆಗೆ ಬಂದು ತಮ್ಮನ್ನು ನನ್ನ ಫೋನಿನಲ್ಲಿ ಪ್ರತಿಷ್ಠಾಪಿಸಿ, ಇನ್ನು ಮೇಲೆ ಖಾತೆಗೊಂದು ಪಾಸ್‌ವರ್ಡನ್ನು ಇದೇ ಹೊಸೆದು ಇದೇ ಕಾಯುತ್ತದೆ, ನೀನು ನೆನಪಿಡಬೇಕಾದದ್ದು ತಿಜೋರಿ ತೆರೆಯುವ ಒಂದೇ ಒಂದು ವಾಕ್ಯ ಎಂದರು. ಹುಟ್ಟಿದ ದಿನ, ಮಗಳ ಹೆಸರು ಬೇಡ. ಉದ್ದವಿರಲಿ, ಮರೆಯದಂಥದ್ದಿರಲಿ, ನಾಲ್ಕು ಜನರ ಎದುರು ನಿನ್ನ ಬಾಯಿಂದ ಎಂದೂ ಬಾರದ ಮಾತಾಗಿರಲಿ ಎಂದು ಬುದ್ಧಿ ಹೇಳಿ, ಸಭ್ಯರಂತೆ ಗೋಡೆಯ ಕಡೆ ತಿರುಗಿ ನಿಂತರು. ಅಂಥ ಮಾತು ನನ್ನೊಳಗೆ ಬಹಳ ವರ್ಷಗಳಿಂದ ಒಂದಿತ್ತು. ಅದನ್ನೇ ಒತ್ತಿದೆ:

ಷಡ್ಡಕನ ಕೊಳಲಿಗಿಂತ ಕುಕ್ಕರ್ ಕೂಗು ವಾಸಿ!!!

ತಾವು ಹಸಿರು ಗೆರೆ ಎಳೆದು, ‘ಬಹಳ ಬಲವಾದದ್ದು’ ಎಂದು ಮೆಚ್ಚಿಕೊಂಡಿರಿ. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವರು ನಿವೃತ್ತರಾದಂದಿನಿಂದ ಕೊಳಲು ಕಲಿಯುತ್ತಿದ್ದಾರೆ, ಮತ್ತು ಕಲಿಯುವುದನ್ನು ನಮ್ಮ ಮನೆಗೇ ಬಂದು ಕಲಿಯುತ್ತಾರೆ.

ಹೀಗಿರಲಾಗಿ, ಯಾರದೋ ಮನೆಯ ಬಾಗಿಲು ತೆರೆಯಲೆಂದು ಕಿಟಕಿಗೆ ಏಣಿ ಹಾಕಿದವನು ಏಣಿಯ ಸಮೇತ ಕೆಳಗೆ ಬಂದೆ. ಆಸ್ಪತ್ರೆಯಲ್ಲಿ ಎರಡೂ ಕೈಗಳನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಕಟ್ಟಿ ಮಲಗಿಸಿದರು. ಬೆರಳಚ್ಚು ತೋರಿಸಿದರೂ ತೆರೆಯುತ್ತೇನೆ ಎಂದು ತಾವು ಹೇಳಿದ್ದುಂಟು. ಆದರೆ ಅರ ಉಜ್ಜಿ ಉಜ್ಜಿ ನನ್ನ ಬೆರಳುಗಳಲ್ಲಿ ಗೆರೆಗಳೇ ಸವೆದುಹೋಗಿರುವುದರಿಂದ ಆ ಭಾಗ್ಯ ನನಗೆ ಮೊದಲಿಂದಲೂ ಇರಲಿಲ್ಲ. ಅಂದು ಷಡ್ಡಕರು ಫ್ಲಾಸ್ಕಿನಲ್ಲಿ ಕಾಫಿಯನ್ನೂ ಚೀಲದಲ್ಲಿ ಕೊಳಲನ್ನೂ ತಂದು, ನನ್ನ ನೋವು ಮರೆಸಲೆಂದು ಇಡೀ ವಾರ್ಡಿಗೆ ಕೇಳುವಂತೆ ಊದಿದರು. ಕಾಲು ಮೇಲಕ್ಕೆ ಕಟ್ಟಿಸಿಕೊಂಡಿದ್ದ ರೋಗಿಗಳು ಓಡಿಹೋಗಲಾರದೆ ಕೇಳಿದರು. ನಾನು, ಕೈ ಸರಿಯಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ ಎಂದು ತಲೆದೂಗಿದೆ. ಅವರ ಕಣ್ಣು ತುಂಬಿ ಬಂತು.

ಆಗಲೇ ಮಗಳ ಕರೆ ಬಂದದ್ದು; ಷಡ್ಡಕರು ಸ್ಪೀಕರಿಗೆ ಹಾಕಿದರು. ಪಶುವೈದ್ಯ ಕಾಲೇಜಿನ ಅರ್ಜಿಗೆ ಅಂದೇ ಕೊನೆಯ ದಿನ. ಅಮ್ಮನ ಜೊತೆ ಕಾಲೇಜಿನ ಕೌಂಟರಿನಲ್ಲಿ ನಿಂತಿದ್ದಾಳೆ. ಅಂಕಪಟ್ಟಿ ಸೇರಿಸಿ ಅರ್ಜಿ ಸಲ್ಲಿಸುವುದೊಂದು ಬಾಕಿ. ಅರ್ಜಿಯ ಖಾತೆಯೊಳಗೆ ಹೋಗಬೇಕಾದ ಪಾಸ್‌ವರ್ಡ್ ತಮ್ಮ ಹೊಟ್ಟೆಯಲ್ಲಿ, ತಾವು ನನ್ನ ಫೋನಿನಲ್ಲಿ, ನಾನು ಪ್ಲಾಸ್ಟರಿನಲ್ಲಿ. ಗಾಯಗೊಂಡ ಬೆಕ್ಕು, ಕಾಗೆ, ಓತಿಕ್ಯಾತಗಳನ್ನೆಲ್ಲ ಮನೆಗೆ ಹೊತ್ತು ತಂದು ಬೆಳೆದ ಹುಡುಗಿ, ಈ ಕಾಲೇಜು ಬಿಟ್ಟು ಬೇರೇನನ್ನೂ ಬಯಸಿದವಳಲ್ಲ. ‘ಅಪ್ಪಾ, ಶಟರ್ ಎಳೀತಿದಾರೆ’ ಎಂದಳು, ಅಳು ತಡೆದುಕೊಂಡು. ನರ್ಸಮ್ಮ ಡಾಕ್ಟರ ಹಿಂದೆ ಹೊರಟುಹೋಗಿದ್ದರು. ಷಡ್ಡಕರು ಆಗಲೇ ನನ್ನ ಫೋನನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಹಳೆಯ ಅಭ್ಯಾಸದಂತೆ ಬೆನ್ನು ನೆಟ್ಟಗೆ ಮಾಡಿ, ಹೇಳು ಎಂಬಂತೆ ನನ್ನ ಕಡೆ ನೋಡಿದರು.

ಮಾನ್ಯರೇ, ಆ ಹೊತ್ತಿನಲ್ಲಿ ತಾವು ಸ್ವಲ್ಪ ದಾಕ್ಷಿಣ್ಯ ತೋರಬಹುದಿತ್ತು. ‘ಷಡ್ಡಕರ ಕೊಳಲೂ ಇಂಪು, ಕುಕ್ಕರ್ ಕೂಗೂ ಇಂಪು’ ಎಂದು ನಾನು ತಿದ್ದಿ ಹೇಳಿದೆ. ಅವರು ಒತ್ತಿದರು, ತಾವು ತಪ್ಪು ಎಂದಿರಿ. ಕುಕ್ಕರನ್ನು ಕೈಬಿಟ್ಟು ಬರೀ ಕೊಳಲನ್ನು ಹೊಗಳಿದೆ. ಅದೂ ತಪ್ಪು ಎಂದಿರಿ. ನಮ್ಮ ಮನೆತನದಲ್ಲಿ ಮದುವೆ, ನಾಮಕರಣ, ಆಸ್ತಿ ಪಾಲು ಎಲ್ಲವೂ ಸಣ್ಣಪುಟ್ಟ ಸುಳ್ಳುಗಳ ಮೇಲೆಯೇ ಸುಸೂತ್ರವಾಗಿ ನಡೆದಿರುವಾಗ, ನಿಜವಲ್ಲದೆ ಬೇರೇನನ್ನೂ ಒಪ್ಪದ ಮೊದಲ ಸದಸ್ಯರು ತಾವು. ಫೋನಿನಿಂದ ಮಗಳ ಉಸಿರು ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಷಡ್ಡಕರು ಮುಖದ ಗೆರೆ ಅಲ್ಲಾಡಿಸದೆ ಒಂದೊಂದೇ ಅಕ್ಷರ ಒತ್ತಿ, ಕೊನೆಗೆ ಇಷ್ಟೇ ಕೇಳಿದರು: ‘ಕೊನೇಲಿ ಚುಕ್ಕಿ ಇದ್ಯಾ?’

‘ಇಲ್ಲ ಭಾವ. ಆಶ್ಚರ್ಯಸೂಚಕ.’

‘ಎಷ್ಟು?’

‘ಮೂರು.’

ಮೂರನ್ನೂ ಒತ್ತಿದರು. ತಾವು ಬಾಗಿಲು ತೆರೆದಿರಿ.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆ. ತಾವು ಹೊಸೆದಿಟ್ಟಿದ್ದ ಆ ತಲೆಬುಡವಿಲ್ಲದ ಪಾಸ್‌ವರ್ಡನ್ನು ಅವರು ಮಗಳಿಗೆ, ದೊಡ್ಡ ಎಕ್ಸ್, ಸಣ್ಣ ಕ್ಯೂ, ಶೇಕಡಾ ಗುರುತು, ಇನ್ನೊಂದು ಸಣ್ಣ ಕ್ಯೂ ಎಂದು ಕೋರ್ಟಿನ ಧ್ವನಿಯಲ್ಲಿ ಓದಿ ಹೇಳಿದರು. ಒಂದೇ ಒಂದು ಅಕ್ಷರ ಎಡವಿದ್ದರೆ ನನ್ನ ಮೇಲಿನ ಸೇಡು ತೀರುತ್ತಿತ್ತು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಅವರು ಎಡವಲಿಲ್ಲ. ಅರ್ಜಿ ಹೋಯಿತು, ಸೀಟೂ ಸಿಕ್ಕಿತು. ಹುಡುಗಿ ಮೊದಲು ಸುದ್ದಿ ತಿಳಿಸಿದ್ದು ದೊಡ್ಡಪ್ಪನಿಗೆ, ಆಮೇಲೆ ನನಗೆ.

ಆದರೆ ಅಂದು ಹೊರಡುವಾಗ ಷಡ್ಡಕರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಒಂದು ಮಾತು ಹೇಳಿದರು: ‘ನಂದೂ ಇದೇ ತಿಜೋರಿನೇ. ನನ್ನ ವಾಕ್ಯ ನಿನ್ನ ಮೇಲಿದೆ.’ ಹೇಳಿದವರೇ ಹೊರಟರು.

ಈಗ ತಮಗೆ ನನ್ನ ನಿಜವಾದ ದೂರು ಅರ್ಥವಾಗಿರಬಹುದು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಅದು ನನ್ನ ಗೊರಕೆಯೋ, ಬೋಳುತಲೆಯೋ, ಯಾರ ಮನೆಗೆ ಹೋದರೂ ಮೊದಲು ಬಗ್ಗಿ ಬಾಗಿಲ ಬೀಗ ನೋಡಿ, ಇದನ್ನು ತೆಗೆಯೋದು ಎರಡು ನಿಮಿಷದ ಕೆಲಸ ಎನ್ನುವ ನನ್ನ ಚಟವೋ? ಒಂದೊಂದಾಗಿ ಎಲ್ಲವನ್ನೂ ಬಿಡುತ್ತಿದ್ದೇನೆ. ಮಗ್ಗುಲಾಗಿ ಮಲಗುತ್ತೇನೆ, ಟೋಪಿ ಹಾಕುತ್ತೇನೆ, ಬೀಗ ಕಂಡರೆ ಆಕಾಶ ನೋಡುತ್ತೇನೆ. ತಮ್ಮ ಒಳಗೆಲ್ಲ ಲೋಕಕ್ಕೆ ತೆರೆದದ್ದೇ ತಾನೆ ಎಂದು ಮಗಳನ್ನು ಕೂರಿಸಿಕೊಂಡು ತಮ್ಮ ಕೋಡಿನ ಸಾವಿರಾರು ಸಾಲುಗಳನ್ನು ಮೇಲಿಂದ ಕೆಳಗೆ ಜಾಲಾಡಿಸಿದೆ. ಬೀಗ ಮಾಡಿದ ರೀತಿಯೆಲ್ಲ ಅಲ್ಲಿದೆಯೇ ಹೊರತು ಷಡ್ಡಕರ ವಾಕ್ಯ ಮಾತ್ರ ಇಲ್ಲ. ಆದ್ದರಿಂದ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ತಾವು ದಯವಿಟ್ಟು ಆ ಒಂದು ವಾಕ್ಯವನ್ನು ನನಗೆ ತಿಳಿಸಬೇಕು. ಪೂರ್ತಿ ಆಗದಿದ್ದರೆ ಕೊನೆಯಲ್ಲಿ ಎಷ್ಟು ಆಶ್ಚರ್ಯಸೂಚಕ ಇವೆ ಎಂಬುದನ್ನಾದರೂ ತಿಳಿಸಬೇಕು. ಊರಿನ ಯಾವ ಬಾಗಿಲೂ ನನಗೆ ಇಲ್ಲವೆಂದಿಲ್ಲ. ತಾವೊಬ್ಬರು ಹೀಗೆ ಕುಳಿತಿರುವುದು ಕಸುಬಿಗೇ ಅವಮಾನ.

ಪ್ರಾಯಶ್ಚಿತ್ತವೆಂದು ನನ್ನ ವಾಕ್ಯವನ್ನು ‘ಭಾವನ ಕೊಳಲು ಬಲು ಇಂಪು’ ಎಂದು ಬದಲಿಸಹೊರಟೆ. ತಾವು ಕೆಂಪು ಗೆರೆ ಎಳೆದು ‘ದುರ್ಬಲ’ ಎಂದಿರಿ. ಇದನ್ನು ನಾನು ಅವರಿಗೆ ಹೇಳಿಲ್ಲ.

ಮೊದಲು ಅನುಮಾನದಿಂದ, ಈಗ ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಬೀಗ ರಿಪೇರಿ ಅಂಗಡಿಯವನು

ತಾ.ಕ.: ನನ್ನ ಹೆಂಡತಿಯೂ ಬಹಳ ದಿನಗಳಿಂದ ತಮ್ಮನ್ನೇ ಬಳಸುತ್ತಿದ್ದಾಳೆಂದು ಇವತ್ತು ಗೊತ್ತಾಯಿತು. ಅವಳ ವಾಕ್ಯ ಸಾಕಷ್ಟು ಉದ್ದವಿರುವಂತೆ ಕಾಣುತ್ತದೆ. ಅರ್ಧ ಒತ್ತಿ, ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ನಕ್ಕು, ಮತ್ತೆ ಉಳಿದರ್ಧ ಒತ್ತುತ್ತಾಳೆ.