ಕಷಾಯದ ಲೋಟ ಅದಲುಬದಲಾದ ಬಗ್ಗೆ

ಅಂಕೋಲಾ, ದಿನಾಂಕ: ೨೪-೬-೨೦೦೬, ಶನಿವಾರ

ಇಂದ:
ಸತೀಶ, ಇಬ್ಬರು ಮಕ್ಕಳ ತಂದೆ, ಕಾರವಾರದ ಕಚೇರಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುವವನು

ಗೆ:
ಶ್ರೀಮತಿ ಮಂದಾಕಿನಿ, ಅರ್ಜಿದಾರನ ಧರ್ಮಪತ್ನಿ ಹಾಗೂ ಅಡುಗೆಮನೆ ಮತ್ತು ಫ್ರಿಜ್ಜಿನ ಸಕ್ಷಮ ಪ್ರಾಧಿಕಾರ

ವಿಷಯ: ತಮ್ಮ ತಾಯಿಯವರಿಗೆ ನಿಜ ಹೇಳುವುದರಿಂದ ವಿನಾಯಿತಿ ಕೋರಿ.

ಉಲ್ಲೇಖ:
೧. ಹಡಗಿನ ಬಾರಿನಲ್ಲಿ ಕೆಲಸಕ್ಕಿರುವ ಗೆಳೆಯ ಕಾಶಿ ಬರೆದುಕೊಟ್ಟ ಕಾಕ್‌ಟೇಲ್ ಚೀಟಿ.
೨. ತಮ್ಮ ಮೌಖಿಕ ಆದೇಶ: "ಆಯಿಗೆ ನೀವೇ ಹೇಳೂದು. ಬರೂ ಆಯ್ತವಾರದ ಒಳಗೆ."

ಮಾನ್ಯರೇ,

ಮಕ್ಕಳ ಹೋಮ್‌ವರ್ಕ್ ಮುಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಪ್ರತಿ ಶನಿವಾರ ಸಂಜೆ ಅರ್ಜಿದಾರನಿಗೆ ಒಂದು ಲೋಟ ವಿಸ್ಕಿ ತಮ್ಮಿಂದಲೇ ಮಂಜೂರಾಗಿದೆ. ಉಲ್ಲೇಖ (೧)ರಂತೆ ಅದಕ್ಕೆ ಸಿಹಿಯಾದ ಕೆಂಪು ವೈನು ಮತ್ತು ಕಹಿಯಾದ ಇನ್ನೊಂದು ಮದ್ಯ ಸೇರಿಸಿ, ಐಸು ಹಾಕಿ, ಚಮಚದಿಂದ ನಲವತ್ತು ಸುತ್ತು ತಿರುಗಿಸಬೇಕು, ಕುಲುಕಕೂಡದು. ಇವೆರಡೂ ಅಂಕೋಲಾದಲ್ಲಿ ಸಿಗದ ಕಾರಣ, ಸಿಹಿಗೆ ತಾವು ಮಾಡಿಟ್ಟ ಮುರುಗಲು ಹಣ್ಣಿನ ಸಿರಪ್ಪನ್ನೂ, ಕಹಿಗೆ ನಮ್ಮ ಜೊತೆಗಿರುವ ತಮ್ಮ ತಾಯಿಯವರ ಕಿರಾತಕಡ್ಡಿ ಕಷಾಯದಿಂದ, ಅವರಿಗೆ ತಿಳಿಸದೆ, ಒಂದು ಚಮಚವನ್ನೂ ಪಡೆಯಲಾಯಿತು.

೨. ಮಕ್ಕಳು ಏನೆಂದು ಕೇಳಬಾರದೆಂಬ ಕಾರಣಕ್ಕೆ ಸ್ಟೀಲ್ ಲೋಟ ಬಳಸಲಾಯಿತು. ಕಷಾಯದ ಲೋಟವೂ ಸ್ಟೀಲಿನದೇ ಆದ ಕಾರಣ, ಎರಡೂ ಒಂದೇ ಕಟ್ಟೆಯ ಮೇಲಿದ್ದ ಕಾರಣ, ಮೇ ತಿಂಗಳ ಕೊನೆಯ ಶನಿವಾರ ತಮ್ಮ ತಾಯಿ, ಅಂದರೆ ಅರ್ಜಿದಾರನ ಅತ್ತೆಯವರು, ಅವನ ಲೋಟದ್ದನ್ನು ಕುಡಿದರು. ಅರ್ಜಿದಾರನು ಕಷಾಯವನ್ನು ಕುಡಿದನು. ಈ ಬಗ್ಗೆ ಅವನಿಗೆ ಯಾವ ಪರಿಹಾರವೂ ದೊರೆತಿಲ್ಲ.

೩. ಮದುವೆಯ ಹೊಸತರಲ್ಲಿ ಬೆಳಂಬಾರದ ತಮ್ಮ ತವರಿನಲ್ಲಿ ಉಣ್ಣಲು ಕೂತಾಗ, ಅತ್ತೆಯವರ ಬಂಗಡೆ ಸಾರಿನ ಬಗ್ಗೆ ಅರ್ಜಿದಾರನು "ಉಪ್ಪು ಒಂಚೂರು ಕಮ್ಮಿ" ಎಂದಿದ್ದು ಕಡತದಲ್ಲಿದೆ. ಅಂದಿನಿಂದ ಹನ್ನೆರಡು ವರ್ಷ ಅವರು ಅವನೊಡನೆ ನೇರ ಮಾತಾಡಿಲ್ಲ. ಎದುರಿಗೇ ಕೂತಿದ್ದರೂ ಮಗಳು ರಕ್ಷಿತಾಳ ಮುಖಾಂತರ: "ನಿನ್ನ ಅಪ್ಪಗೆ ಉಣ್ಣೂಕೆ ಬರೂಕೆ ಹೇಳು." ಆ ದಿನ ಮಾತ್ರ ಲೋಟ ಕೆಳಗಿಟ್ಟು, "ತಮಾ, ಇನ್ನೊಂಚೂರು ಇದ್ಯಾ?" ಎಂದರು. ಅರ್ಜಿದಾರನು ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದನು.

೪. ತದನಂತರ ಪ್ರತಿ ಶನಿವಾರ ಎರಡು ಲೋಟ ತಯಾರಾದವು; ಅವರದು ಕಷಾಯವೆಂಬ ಹೆಸರಿನಲ್ಲೇ. ಎರಡನೇ ವಾರ ಅವರು, "ದಿನಾ ನಿಂತ್ಕಂಡೇ ಹೋಗೂದಂತೆ. ಕಾಲು ನೋಯೂದಿಲ್ವಾ ತಮಾ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಇದುವರೆಗೆ ಯಾವ ಇಲಾಖೆಯೂ ಕೇಳಿರಲಿಲ್ಲ.

೫. ಕಳೆದ ಶನಿವಾರ ತಾವು ಲೋಟ ಮೂಸಿ ನೋಡಿ ಉಲ್ಲೇಖ (೨)ನ್ನು ಹೊರಡಿಸಿದಿರಿ. ಹೇಳಿದರೆ ಮಾತು ಪುನಃ ರಕ್ಷಿತಾಳ ಮುಖಾಂತರವೇ. ಅವಳು ಮದುವೆಯಾಗಿ ಹೋದರೆ ಆ ಹುದ್ದೆಯೂ ಖಾಲಿ. ಆದ್ದರಿಂದ ಹೇಳದೆಯೇ ಮುಗಿಸುವ ಉದ್ದೇಶದಿಂದ ಇಂದು ಸಂಜೆ ಅವರ ಲೋಟಕ್ಕೆ ವಿಸ್ಕಿ ಹಾಕದೆ, ಆ ಜಾಗಕ್ಕೆ ಕಷಾಯ ಸುರಿಯಲಾಯಿತು. ಅವರು ಒಂದು ಗುಟುಕು ಕುಡಿದರು. ಲೋಟವನ್ನು ಅರ್ಜಿದಾರನ ಕಡೆ ಸರಿಸಿದರು.

"ತಮಾ, ಇವತ್ತು ಕಷಾಯಕ್ಕೆ ಕಷಾಯ ಒಂಚೂರು ಹೆಚ್ಚಾಯ್ತು."

ಹನ್ನೆರಡು ವರ್ಷದ ಉಪ್ಪಿನ ಕಡತ ಇಲ್ಲಿಗೆ ಮುಕ್ತಾಯವಾಗಿದೆ ಎಂದು ಅರ್ಜಿದಾರನು ಭಾವಿಸುತ್ತಾನೆ. ಹೇಳಬೇಕಾದವರಿಗೆ ಮೊದಲೇ ಗೊತ್ತಿರುವ ಕಾರಣ, ಆದ್ದರಿಂದ ಹೇಳಲು ಏನೂ ಉಳಿಯದ ಕಾರಣ, ಉಲ್ಲೇಖ (೨)ನ್ನು ಹಿಂಪಡೆಯಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಸತೀಶ

ಲಗತ್ತು:
೧. ಕಾಶಿಯ ಚೀಟಿ, ಮುರುಗಲಿನ ಕಲೆ ಸಹಿತ.
೨. ಅತ್ತೆಯವರು ವಾಪಸು ಮಾಡಿದ ಲೋಟ, ತಮ್ಮ ಪರಿಶೀಲನೆಗಾಗಿ (ಕಹಿ ಇದೆ).

ವಿ.ಸೂ.: ಮಳೆಗಾಲಕ್ಕೆ ಬೋಟು ಬಂದ್ ಆಗುವ ಮುಂಚೆ ತಾವು ತುಂಬಿಸಿಟ್ಟ ಬಂಗಡೆಯಿಂದಾಗಿ ಫ್ರೀಜರಿನಲ್ಲಿ ಐಸಿಗೆ ಜಾಗವಿಲ್ಲ. ಇನ್ನು ಎರಡು ಲೋಟವಾದ್ದರಿಂದ, ನಾಳೆ ನಾಲ್ಕು ಬಂಗಡೆ ತೆಗೆದು ಅತ್ತೆಯವರಿಂದಲೇ ಸಾರು ಮಾಡಿಸಿ ಜಾಗ ತೆರವುಗೊಳಿಸಬೇಕು. ಉಪ್ಪಿನ ಬಗ್ಗೆ ಅರ್ಜಿದಾರನ ತಕರಾರು ಇರುವುದಿಲ್ಲ.