ಅಡ್ಮಿರಲ್‌ಗೆ ಸಿಗದ ಬಿಸ್ಕತ್ತು

ಬ್ರಿಟನ್ ದೇಶವು ಐರೋಪ್ಯ ಒಕ್ಕೂಟವನ್ನು ಬಿಟ್ಟು ಹೊರಬರಬೇಕೆಂದು ಡಡ್ಲಿ ಪೆಂಬರ್ ಅವರು ಬಯಸಿದ್ದಕ್ಕೆ ಘನವಾದ ಕಾರಣಗಳು ಹಲವಿದ್ದವು. ಆದರೆ ಎರಡೂವರೆ ವರ್ಷಗಳಿಂದ ಅವರ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದ್ದ ಅನ್ಯಾಯಕ್ಕೂ ಬ್ರಸೆಲ್ಸ್ ನಗರಕ್ಕೂ ಸಂಬಂಧವಿರಲಿಲ್ಲ. ಅದು ಒಂದು ನಾಯಿ ಬಿಸ್ಕತ್ತಿನ ವಿಚಾರ.

ಬಿಡಬೇಕೋ ಉಳಿಯಬೇಕೋ ಎಂದು ದೇಶವೆಲ್ಲ ಮತ ಹಾಕಿದ ಆ ಜೂನ್ ತಿಂಗಳ ಗುರುವಾರ, ನಮ್ಮ ಥಾರ್ಪ್‌ಬಿ ಹಳ್ಳಿಯ ಸಭಾಭವನವೇ ಮತಗಟ್ಟೆಯಾಗಿತ್ತು. ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಮಿಸ್ ಪ್ರಿಡಿ ಅಲ್ಲಿನ ಅಧಿಕಾರಿ. ಮತ ಹಾಕಲು ಬಂದವರು ತಮ್ಮ ನಾಯಿಗಳನ್ನು ಹೊರಗಿನ ಕಂಬಿಗೆ ಕಟ್ಟಿ ಒಳಗೆ ಹೋಗುವುದು ಈ ದೇಶದ ಸಂಪ್ರದಾಯವಷ್ಟೆ. ಮಿಸ್ ಪ್ರಿಡಿ ಬಾಗಿಲ ಬಳಿ ಒಂದು ಡಬ್ಬಿಯಿಟ್ಟುಕೊಂಡು, ಕಟ್ಟಿದ ನಾಯಿಗೆಲ್ಲ ಬಿಸ್ಕತ್ತು ಹಾಕುತ್ತಿದ್ದರು. ಕೊಡಲಿಲ್ಲವೆಂದರೆ ಪೆಂಬರ್ ಅವರ ನಾಯಿ ಅಡ್ಮಿರಲ್‌ಗೆ ಮಾತ್ರ. ಅದು ಬಾಲವಾಡಿಸಿತು, ಮುಂಗಾಲೆತ್ತಿ ಬೇಡಿತು. ಮಿಸ್ ಪ್ರಿಡಿ ಡಬ್ಬಿಯ ಮುಚ್ಚಳ ಒತ್ತಿ, "ಇಲ್ಲ ಅಡ್ಮಿರಲ್. ನಿಯಮ ಅಂದ್ರೆ ನಿಯಮ," ಎಂದುಬಿಟ್ಟರು.

ಪೆಂಬರ್ ಅವರಿಗೆ ಅರ್ಥವಾಗದ್ದೇನಿದೆ? ಮಿಸ್ ಪ್ರಿಡಿ ಒಕ್ಕೂಟದಲ್ಲೇ ಉಳಿಯಬೇಕೆನ್ನುವ ಪಕ್ಷದವರೆಂಬುದು ಊರಿಗೇ ಗೊತ್ತು. (ಅವರ ಮನೆಯ ಕಿಟಕಿಗಳು ಕೂಡ ಫ್ರೆಂಚ್ ಮಾದರಿಯವು.) ಉಳಿಯುವವರ ನಾಯಿಗೆ ಬಿಸ್ಕತ್ತು, ಬಿಡುವವರ ನಾಯಿಗೆ ನಿಯಮ! ಸರ್ಕಾರಿ ಕರ್ತವ್ಯದಲ್ಲಿದ್ದವರಿಂದ ಪಕ್ಷಪಾತ! ಇಂಥದ್ದೊಂದು ನಡೆದರೆ ಪೆಂಬರ್ ಅವರು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳಿಗೆ, ಪತ್ರಿಕೆಗಳಿಗೆ, ಅಗತ್ಯ ಬಿದ್ದರೆ ಅರಮನೆಗೂ ದೂರು ಬರೆಯುವವರೇ. ಆದರೆ ಈ ಒಂದು ವಿಷಯದಲ್ಲಿ ಅವರ ಬಾಯಿಗೆ ಬೀಗ ಬಿದ್ದಿತ್ತು. ಏಕೆಂದರೆ ಅಂದು ಅವರು ಆ ಮತಗಟ್ಟೆಯ ಹತ್ತಿರ ಸುಳಿಯಲೇಬಾರದಿತ್ತು.

ಇದಕ್ಕೆ ಹಿನ್ನೆಲೆಯುಂಟು. ಪೆಂಬರ್ ಅವರು ಮದುವೆಯಾದ ಹೊಸತರಲ್ಲಿಯೇ ಪತ್ನಿ ಹಿಲ್ಡಾ ಅವರ ರಾಜಕೀಯವು ತಮ್ಮದಕ್ಕೆ ನೇರ ವಿರುದ್ಧವೆಂದು ಕಂಡುಕೊಂಡಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಚುನಾವಣೆಯ ಜಗಳ ಮಾತ್ರ ಉಂಡರೂ ಮುಗಿಯದು, ಮಲಗಿದರೂ ಮುಗಿಯದು. ಆಗ ಹಿಲ್ಡಾ ಅವರೇ ಒಂದು ದಾರಿ ತೋರಿದರು. "ನೀನು ಹಾಕೋ ಮತಾನ ನನ್ನ ಮತ ಹೊಡೆದು ಹಾಕತ್ತೆ. ಕೂಡಿ ಕಳೆದ್ರೆ ಸೊನ್ನೆ. ಅದಕ್ಕಾಗಿ ಇಬ್ರೂ ಮಳೇಲಿ ಯಾಕೆ ನೆನೀಬೇಕು ಡಡ್ಲಿ? ನೀನೂ ಹೋಗ್ಬೇಡ, ನಾನೂ ಹೋಗಲ್ಲ." ಪಾರ್ಲಿಮೆಂಟಿನ ಎದುರಾಳಿ ಸದಸ್ಯರು ಜೋಡಿ ಕಟ್ಟಿಕೊಂಡು ಇಬ್ಬರೂ ಗೈರುಹಾಜರಾಗುವ ಪದ್ಧತಿಯಿದೆಯಲ್ಲ, ಅದರ ಗೃಹರೂಪ ಇದು. ಅಂದಿನಿಂದ ಪ್ರತಿ ಮತದಾನದ ದಿನ ಪೆಂಬರ್ ದಂಪತಿಗಳು ಬಾಗಿಲು ಹಾಕಿಕೊಂಡು ಮಾಂಸದ ಪೈ ಮಾಡಿ ತಿಂದು, ಪರಸ್ಪರರ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡು ಮಲಗುತ್ತಿದ್ದರು.

ಪೆಂಬರ್ ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಗುಲಗಂಜಿ ತೂಕದ ಮೋಸವನ್ನೂ ಸಹಿಸಿದವರಲ್ಲ. ಇಂಥವರು ಕೊಟ್ಟ ಮಾತು ಮುರಿದಿದ್ದು ಹೇಗೆ? ಅವರ ವಾದ ಸೂಕ್ಷ್ಮವಾಗಿತ್ತು. ಒಪ್ಪಂದ ಚುನಾವಣೆಗೆ ಮಾತ್ರ ಅನ್ವಯಿಸುತ್ತದೆ, ಇದಾದರೋ ಜನಮತಗಣನೆ. ವಾದ ಎಷ್ಟು ಬಲವಾಗಿತ್ತೆಂದರೆ, ಅದನ್ನು ಹಿಲ್ಡಾ ಅವರ ಮುಂದೆ ಹೇಳುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ. ಸಂಜೆ, "ಅಡ್ಮಿರಲ್‌ನ ಕಾಲುವೆ ಕಡೆ ಸುತ್ತಾಡಿಸ್ಕೊಂಡು ಬರ್ತೀನಿ," ಎಂದು ಹೊರಟರು. ಬೆಳಿಗ್ಗೆ ಹಿಲ್ಡಾ ಚರ್ಚಿಗೆ ಹೂವು ಜೋಡಿಸಲು ಹೋದಾಗ ಜೊತೆಯಲ್ಲಿ ತಿರುಗಿ ದಣಿದಿದ್ದ ನಾಯಿ ಮೊದಮೊದಲು ಹಟ ಹಿಡಿಯಿತು. ಸಭಾಭವನದ ರಸ್ತೆ ಬಂದೊಡನೆ ತಾನೇ ಯಜಮಾನರನ್ನು ಎಳೆದೊಯ್ದಿತು. ಮೂಕಪ್ರಾಣಿಗೂ ದೇಶಾಭಿಮಾನವಿದೆಯಲ್ಲ ಎಂದು ಪೆಂಬರ್ ಅವರ ಕಣ್ಣುಗಳು ತೇವವಾದವು.

ಮತ ಹಾಕಿದರು, ಬಂದರು, ಪೈ ತಿಂದರು. ಹಿಲ್ಡಾ ಎಂದಿನಂತೆ, "ಮಾತು ಅಂದ್ರೆ ಮಾತು, ಅಲ್ವಾ ಡಡ್ಲಿ?" ಎಂದಾಗ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ತಟ್ಟೆಯತ್ತಲೇ ನೋಡುತ್ತ "ಹೂಂ" ಎಂದರು. ಆ ದಿನದಿಂದ ಅವರಿಗೆ ಒಂದೇ ಭಯ: ಇದು ಹಿಲ್ಡಾಗೆ ತಿಳಿಯಬಾರದು. ದೇಶ ಒಕ್ಕೂಟ ಬಿಟ್ಟರೂ ಬದುಕೀತು. ಮಾತಿಗೆ ತಪ್ಪದವನೆಂಬ ಹೆಸರೊಂದನ್ನೇ ಬಂಡವಾಳ ಮಾಡಿಕೊಂಡು ಇಷ್ಟು ವರ್ಷ ಹೆಂಡತಿಯನ್ನು ತಿದ್ದುತ್ತ ಬಂದ ಗಂಡ, ಆ ಹೆಸರು ಹೋದರೆ ಬದುಕುವುದು ಹೇಗೆ?

ದೇಶವೇನೋ ಬಿಡುವುದೆಂದು ತೀರ್ಮಾನವಾಯಿತು. ಬಿಡುವುದು ಹೇಗೆಂಬ ಮಾತುಕತೆ ಮಾತ್ರ ಮುಗಿಯಲೊಲ್ಲದು. ಎರಡೂವರೆ ವರ್ಷ ಕಳೆದು ಡಿಸೆಂಬರ್ ಬಂದಿತು. ಪ್ರಧಾನಿಗಳು ತಂದ ಒಪ್ಪಂದ ಅವರ ಪಕ್ಷದವರಿಗೇ ರುಚಿಸಲಿಲ್ಲ. ಅದರ ಬಗ್ಗೆ ಚರ್ಚಿಸಲು ಥಾರ್ಪ್‌ಬಿಯಲ್ಲೂ ಸಾರ್ವಜನಿಕ ಸಭೆ ಏರ್ಪಾಡಾಯಿತು. ಬಿಡುವವರ ಪರ ಮಾತನಾಡಬೇಕಾದವರು ಪೆಂಬರ್. ಸಭೆಯ ದಿನ ಬೆಳಿಗ್ಗೆ ಅವರು ಟೋಸ್ಟಿನ ಮೇಲೆ ಬೆಣ್ಣೆ ಹಚ್ಚುತ್ತ ಭಾಷಣಕ್ಕೆ ಹದ ಕೊಡುತ್ತಿದ್ದರು.

"ನಮ್ಮೋರಿಗೆ ಚೌಕಾಸಿ ಮಾಡೋಕೇ ಬರಲ್ಲ ಹಿಲ್ಡಾ. ಸರಿಯಾದ ಬೆಲೆ ಬರಲಿಲ್ವಾ, ಎದ್ದು ಬಾಗಿಲ ಕಡೆ ನಡೀಬೇಕು. ಆಗ ಅವರೇ ಹಿಂದಿಂದ ಓಡಿ ಬಂದು ಕರೀತಾರೆ."

"ಲಿಂಕನ್ ಪಟ್ಟಣದ ಸಂತೇಲಿ ಆ ಗೋಡೆ ಗಡಿಯಾರಕ್ಕೆ ನೀನು ಹಾಗೇ ಮಾಡಿದ್ದೆ. ಎದ್ದು ನಡೆದೆ."

"ಮತ್ತೆ? ಅದೇ ಕ್ರಮ!"

"ಬಾಗಿಲ ತನಕ ನಡೆದೆ. ಕಾರಿನ ತನಕ ನಡೆದೆ. ಮನೇಗೂ ಬಂದ್ವಿ. ಯಾರೂ ಕರೀಲಿಲ್ಲ."

"ಅದು ಬೇರೆ ವಿಷಯ."

"ಬೇರೆನೇ. ಮೊಳೆ ಮಾತ್ರ ಇನ್ನೂ ಗೋಡೆ ಮೇಲಿದೆ. ದಿನಾ ನನ್ನನ್ನ ಟೈಮ್ ಕೇಳ್ತೀಯ."

ಪೆಂಬರ್ ಅವರು ಟೋಸ್ಟನ್ನು ಅಗತ್ಯಕ್ಕಿಂತ ಜೋರಾಗಿ ಕಚ್ಚಿದರು.

ಆ ಸಂಜೆ ಸಭಾಭವನ ತುಂಬಿತ್ತು. ಸಿಕ್ಕ ಒಪ್ಪಂದಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಿ ಎನ್ನುವವರು ಒಂದು ಕಡೆ, ಒಪ್ಪಂದವೇ ಬೇಡ, ಬಾಗಿಲು ಬಡಿದು ಬನ್ನಿ ಎನ್ನುವವರು ಒಂದು ಕಡೆ, ಜನರನ್ನು ಇನ್ನೊಮ್ಮೆ ಕೇಳಿ ಎನ್ನುವವರು ಮತ್ತೊಂದು ಕಡೆ. ಹಿಂದಿನ ಸಾಲುಗಳಲ್ಲಿ ಕ್ರಿಸ್‌ಮಸ್‌ನ ಸಿಹಿ ಮಿನ್ಸ್ ಪೈ ಹಂಚುತ್ತಾರಂತೆ ಎಂದು ಕೇಳಿ ಬಂದವರು. (ನಿಖರವಾಗಿ ಹೇಳಬೇಕೆಂದರೆ ಬಹುಮತ ಇವರದೇ.) ಅಧ್ಯಕ್ಷತೆ ಮಿಸ್ ಪ್ರಿಡಿ ಅವರದು. ಭವನಕ್ಕೆ ಹೊಂದಿಕೊಂಡ ಅಡುಗೆಕೋಣೆಯ ಕಿಂಡಿಯಲ್ಲಿ, ಚಹಾ ಪಾತ್ರೆಯ ಹಬೆಯ ನಡುವೆ, ಹಿಲ್ಡಾ ಅವರ ಮುಖ ಕಾಣುತ್ತಿತ್ತು. ಅಡ್ಮಿರಲ್ ವೇದಿಕೆಯ ಕೆಳಗೆ ಮಲಗಿತ್ತು.

ಪೆಂಬರ್ ಅವರು ಎದ್ದು ಕನ್ನಡಕ ಸರಿಪಡಿಸಿಕೊಂಡರು.

"ಮಾನ್ಯರೇ! ಪ್ರಶ್ನೆ ಒಂದೇ. ಮಾತು ಕೊಟ್ಟ ಮೇಲೆ ಅದನ್ನ ಉಳಿಸ್ಕೋತೀವೋ ಇಲ್ವೋ? ಜನ ಒಂದ್ಸಲ ತೀರ್ಪು ಕೊಟ್ಟಾಯ್ತು. ಇನ್ನೊಂದ್ಸಲ ಮತ ಕೇಳೋದು ಅಂದ್ರೆ, ತಕ್ಕಡಿ ನಮಗೆ ಬೇಕಾದ ಕಡೆ ವಾಲೋ ತನಕ ತೂಗ್ತಾನೇ ಇರೋದು. ಕೊಟ್ಟ ಮಾತು ಮುರಿಯೋರಿಗೆ..."

ಇಲ್ಲಿಗೆ ಬಂದಾಗ ಕಣ್ಣು ಹೇಗೋ ಕಿಂಡಿಯತ್ತ ಹೊರಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವರ ಕೈ ತಾನಾಗಿಯೇ ಟೈ ಸರಿಪಡಿಸಿತು. ಹಿಲ್ಡಾ ತದೇಕಚಿತ್ತದಿಂದ ಬಟ್ಟಲು ಒರೆಸುತ್ತಿದ್ದರು.

"...ಮುರಿಯೋರಿಗೆ, ಅದೇ, ಒಳ್ಳೇದಾಗಲ್ಲ," ಎಂದು ವಾಕ್ಯವನ್ನು ಹೇಗೋ ದಡ ಸೇರಿಸಿದರು.

ಮೂರು ಹಂಸಗಳೆಂಬ ಪಬ್ಬಿನ ಮಾಲೀಕ ಕ್ಲೆಮ್ ಎದ್ದು ನಿಂತ. ಇನ್ನೊಮ್ಮೆ ಮತದಾನವಾಗಲಿ ಎಂಬ ಮನವಿಗೆ ತನ್ನ ಪಬ್ಬಿನಲ್ಲಿ ಸಹಿ ಮಾಡಿಸಿಕೊಳ್ಳುತ್ತಿದ್ದವನು ಇವನೇ.

"ಮಿಸ್ಟರ್ ಪೆಂಬರ್, ಬೇಜಾರ್ ಮಾಡ್ಕೋಬೇಡಿ. ಅವತ್ತು ಹಾಕಿದ್ದು ಪೆನ್ಸಿಲ್ ಗೀಟು. ಮತಗಟ್ಟೇಲಿ ಕೊಡೋದೇ ಪೆನ್ಸಿಲ್ಲು. ಪೆನ್ಸಿಲ್ಲಲ್ಲಿ ಬರೆದದ್ದನ್ನ ಮನುಷ್ಯ ತಿದ್ದಿ ಬರೀಬಾರ್ದಾ? ದೇವ್ರೇನು ಕಲ್ಲಲ್ಲಿ ಕೆತ್ತಿದ್ನಾ?"

ಹಿಂದಿನ ಸಾಲುಗಳು ಪೈ ತುಂಬಿದ ಬಾಯಿಂದಲೇ ನಕ್ಕವು. ಪೆಂಬರ್ ಅವರು ಎಲ್ಲವನ್ನೂ ಸಹಿಸಿಯಾರು. ತಾವು ಮಾಡಿದ ಕೆಲಸವನ್ನು ಕಚ್ಚಾ ಕೆಲಸವೆಂದರೆ ಸಹಿಸರು.

"ಪೆನ್ಸಿಲ್ಲಾ?" ಎಂದು ಗುಡುಗಿದರು. "ಪೆನ್ಸಿಲ್ ಬಳಸಿದೋರು ಬಳಸಿರ್ಬಹುದು. ನನ್ನ ಮತ ಶಾಯೀದು ಕಣಯ್ಯ! ನನ್ನದೇ ಪೆನ್ನು! ಬರೀ ಗುಣಾಕಾರದ ಗುರುತು ಹಾಕಿ ಬರೋಕೆ ನಾನೇನು ಹೆಬ್ಬೆಟ್ಟೇ? ಸಹಿ ಇಲ್ದಿರೋ ಕಾಗದ ರದ್ದಿ ಕಾಗದ ಅಂತ ಇಡೀ ಇಲಾಖೆಗೆ ಪಾಠ ಹೇಳಿದೋನು ನಾನು. ಗುರುತಿನ ಕೆಳಗೆ ಪೂರ್ತಿ ಹೆಸರು ಬರೆದು, ಹುದ್ದೆ ಬರೆದು, ಸಹಿ ಮಾಡಿ ಬಂದಿದೀನಿ! ಯಾವ ರಬ್ಬರಿಂದ ಅಳಿಸ್ತೀಯೋ ಅಳಿಸು!"

ಕೂತ ಮೇಲೆಯೇ ಅವರಿಗೆ ತಾವು ಏನು ಹೇಳಿದೆವೆಂಬುದು ಹೊಳೆದದ್ದು. ಅಡುಗೆಕೋಣೆಯಲ್ಲಿ ಬಟ್ಟಲುಗಳ ಸದ್ದು ನಿಂತುಹೋಗಿತ್ತು.

ಆದರೆ ಮೊದಲ ಏಟು ಆ ದಿಕ್ಕಿನಿಂದ ಬರಲಿಲ್ಲ.

"ಮಿಸ್ಟರ್ ಪೆಂಬರ್," ಎಂದರು ಮಿಸ್ ಪ್ರಿಡಿ, ಲೆಕ್ಕ ತಪ್ಪಿದ ಹುಡುಗನನ್ನು ಕರೆಯುವ ದನಿಯಲ್ಲಿ. "ಮತಪತ್ರದ ಮೇಲೆ ನಿಮ್ಮ ಹೆಸರು ಬರೆದ್ರಾ?"

"ಪೂರ್ತಿ ಹೆಸರು."

"ಹಾಗಾದ್ರೆ ಅದು ಕುಲಗೆಟ್ಟ ಮತ. ಹಾಕಿದೋರು ಯಾರು ಅಂತ ಗೊತ್ತಾಗೋ ಹಾಗೆ ಬರೆದ್ರೆ ಎಣಿಕೇಲಿ ತೆಗೆದು ಹಾಕ್ತಾರೆ. ಬೇರೆ ಯಾವ ಗುರುತೂ ಮಾಡಬೇಡಿ ಅಂತ ನಿಮ್ಮ ಕಣ್ಣೆದುರೇ ಅಂಟಿಸಿದ್ವಲ್ಲ, ನೋಡಲಿಲ್ವಾ?"

"ನೋಡ್ದೇ ಏನು? ಅದು ವಾಲಿತ್ತು. ನಾನೇ ನೆಟ್ಟಗೆ ಮಾಡ್ದೆ!"

"ಓದಿದ್ರಾ?"

ಪೆಂಬರ್ ಅವರು ನೆಟ್ಟಗಿದ್ದ ಟೈಯನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದರು. ಕ್ಲೆಮ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ. ಭುಜಗಳು ಮಾತ್ರ ಕುಣಿಯುತ್ತಿದ್ದವು. ಎರಡೂವರೆ ವರ್ಷ ಮನಸ್ಸಿನಲ್ಲೇ 'ನನ್ನ ಮತ'ದ ಬಲದ ಮೇಲೆ ಇಡೀ ಯುರೋಪಿನ ಮೇಲೆ ದಂಡೆತ್ತಿ ಹೋಗಿದ್ದ ಮನುಷ್ಯನ ಕೈಯಲ್ಲಿ ಕತ್ತಿಯೇ ಇರಲಿಲ್ಲ.

ಆಗ ಕಿಂಡಿಯಿಂದ ಹಿಲ್ಡಾ ಅವರ ದನಿ ಹಬೆಯೊಂದಿಗೆ ತೇಲಿ ಬಂತು. "ಅವತ್ತು ಕಾಲುವೆ ಕಡೆ ಹೋಗಿದ್ದೆ ಅಂದ್ಯಲ್ಲ ಡಡ್ಲಿ?"

ಮೂಲೆಗೆ ಸಿಕ್ಕ ಮನುಷ್ಯ ಎದುರಿಗೆ ಸಿಕ್ಕವರ ಮೇಲೆ ಹಾರುತ್ತಾನೆ. ಗುಟ್ಟು ರಟ್ಟಾದ ಮೇಲೆ ಆ ಹಳೆಯ ಮುಳ್ಳನ್ನಾದರೂ ಕಿತ್ತು ಬಿಸಾಡೋಣವೆಂದು ಪೆಂಬರ್ ಅವರು ಮಿಸ್ ಪ್ರಿಡಿಯತ್ತ ಬೆರಳು ಚಾಚಿದರು.

"ನಿಯಮ ನನಗೆ ಹೇಳ್ಬೇಡಿ ಮೇಡಂ! ಅವತ್ತು ಸಂಜೆ ನೀವೇ ಆ ಕುರ್ಚೀಲಿ ಕೂತು ಪಕ್ಷಪಾತ ಮಾಡಿದ್ರಿ! ಊರ ನಾಯಿಗೆಲ್ಲ ಬಿಸ್ಕತ್ತು ಹಾಕಿದ್ರಿ, ನನ್ನ ಅಡ್ಮಿರಲ್‌ಗೆ ಇಲ್ಲ ಅಂದ್ರಿ! ಯಾಕೆ? ನಾನು ಬಿಡೋರ ಕಡೆ ಅಂತ! ಎಲ್ಲರ ಮುಂದೆ ಉತ್ತರ ಕೊಡಿ!"

ಬಿಸ್ಕತ್ತೆಂಬ ಮಾತು ಕೇಳಿ ಅಡ್ಮಿರಲ್ ಎದ್ದು ಕೂತಿತು. ಮಿಸ್ ಪ್ರಿಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೇಳ್ಬಾರ್ದು ಅಂತಿದ್ದೆ. ನೀವು ಆಪಾದನೆ ಹೊರಿಸಿದ್ರಿಂದ ಹೇಳ್ಲೇಬೇಕು. ಒಬ್ಬ ಮನುಷ್ಯನಿಗೆ ಒಂದು ಮತ, ಒಂದು ನಾಯಿಗೆ ಒಂದು ಬಿಸ್ಕತ್ತು. ಅಡ್ಮಿರಲ್ ತನ್ನ ಪಾಲಿಂದು ಬೆಳಿಗ್ಗೆನೇ ತಿಂದಾಗಿತ್ತು, ಮಿಸ್ಟರ್ ಪೆಂಬರ್."

ಸಭೆ ಒಂದು ಕ್ಷಣ ಈ ಲೆಕ್ಕವನ್ನು ಬಿಡಿಸಿತು. ಬೆಳಿಗ್ಗೆ ಆ ನಾಯಿಯನ್ನು ಕಂಬಿಗೆ ಕಟ್ಟಿದವರು ಯಾರು? ಪೈ ತಿನ್ನುವವರೂ ಸೇರಿದಂತೆ ಎಲ್ಲರ ಕತ್ತೂ ಕಿಂಡಿಯತ್ತ ತಿರುಗಿತು.

ಕಿಂಡಿಯ ಬಾಗಿಲು ಮೆಲ್ಲಗೆ, ಬಹು ಸಭ್ಯವಾಗಿ, ಮುಚ್ಚಿಕೊಂಡಿತು.

ಮನೆಗೆ ಹೋಗುವ ದಾರಿಯಲ್ಲಿ ಬಹಳ ಹೊತ್ತು ಇಬ್ಬರೂ ನಾಯಿಯೊಂದಿಗೆ ಮಾತ್ರ ಮಾತನಾಡಿದರು. ಕೊನೆಗೆ ಪೆಂಬರ್ ಅವರೇ ಬಾಯಿಬಿಟ್ಟರು.

"ಚರ್ಚಿನ ಹೂವು ಅಂದೆ!"

"ಹೂವೂ ಜೋಡ್ಸಿದ್ದೆ. ಆಮೇಲೆ."

"ಮಾತು ಅಂದ್ರೆ ಮಾತು ಅಂತ ಪೈ ಬಡಿಸ್ತಾ ಬಾಯಿಬಿಟ್ಟು ಕೇಳಿದೆ ಹಿಲ್ಡಾ!"

"ನೀನು ಹೂಂ ಅಂದೆ. ನಾನು ಕೇಳಿದ್ದು ಅಷ್ಟೇ, ಹೇಳಲಿಲ್ಲ."

"ಆದ್ರೆ ಮೊದ್ಲು ಮುರಿದೋಳು ನೀನು! ನಾನು ಸಂಜೆ!"

"ಅದೇ ನಾನೂ ಹೇಳೋದು. ನಾನು ಬೆಳಿಗ್ಗೆನೇ ಮುರಿದಿದ್ದೆ. ಸಂಜೆ ನೀನು ಮುರಿಯೋಕೆ ಅಲ್ಲಿ ಏನೂ ಉಳಿದೇ ಇರಲಿಲ್ಲ. ನೀನು ನಿರಪರಾಧಿ ಡಡ್ಲಿ. ನೆಮ್ಮದಿಯಾಗಿ ನಿದ್ದೆ ಮಾಡು."

ಪೆಂಬರ್ ಅವರಿಗೆ ಇದರಲ್ಲಿ ಎಲ್ಲೋ ತೂಕದ ಮೋಸವಿದೆ ಎನಿಸಿತು, ಎಲ್ಲೆಂದು ಬೊಟ್ಟುಮಾಡಲಾಗಲಿಲ್ಲ. ತಾವು ಚಾಪೆಯ ಕೆಳಗೆ ನುಸುಳಿದರೆ ಈಕೆ ಮೊದಲೇ ರಂಗೋಲಿಯ ಕೆಳಗೆ ನುಸುಳಿ ಹೋಗಿದ್ದಳು! ಅಷ್ಟೇ ಆಗಿದ್ದರೆ ಸೊನ್ನೆಗೆ ಸೊನ್ನೆ ಎಂದು ಸುಮ್ಮನಿರಬಹುದಿತ್ತು. ಆದರೆ ಅವಳ ಮತ ಎಣಿಕೆಗೆ ಬಂದಿದೆ. ತಮ್ಮದು ಕಸದ ಬುಟ್ಟಿಗೆ ಹೋಗಿದೆ. ದೇಶ ಏನೇ ಹೇಳಲಿ, ಪೆಂಬರ್ ಅವರ ಮನೆ ಮಾತ್ರ ಸರ್ವಾನುಮತದಿಂದ ಒಕ್ಕೂಟದಲ್ಲಿ ಉಳಿಯಬೇಕೆಂದು ತೀರ್ಪು ಕೊಟ್ಟಿದೆ!

"ಇದನ್ನ ನಾನು ಒಪ್ಪಲ್ಲ," ಎಂದು ಗೇಟಿನ ಬಳಿ ನಿಂತರು.

"ಜನ ಒಂದ್ಸಲ ತೀರ್ಪು ಕೊಟ್ಟಾಯ್ತು," ಎಂದರು ಹಿಲ್ಡಾ ಬೀಗದ ಕೈ ಹುಡುಕುತ್ತ. "ತಕ್ಕಡಿ ನಮಗೆ ಬೇಕಾದ ಕಡೆ ವಾಲೋ ತನಕ ತೂಗ್ತಾನೇ ಇರೋಕಾಗತ್ತಾ?"

ಮರುದಿನ ಮಧ್ಯಾಹ್ನ ಪೆಂಬರ್ ಅವರು ಕೋಟು ತೊಟ್ಟು, "ಅಡ್ಮಿರಲ್‌ನ ಕಾಲುವೆ ಕಡೆ ಸುತ್ತಾಡಿಸ್ಕೊಂಡು ಬರ್ತೀನಿ," ಎಂದರು. ಹಿಲ್ಡಾ ತಲೆ ಎತ್ತದೆ "ಹೂಂ" ಎಂದರು.

ಮೂರು ಹಂಸಗಳಲ್ಲಿ ಆ ಹೊತ್ತಿಗೆ ಗಿರಾಕಿಗಳಿರಲಿಲ್ಲ. ಪೆಂಬರ್ ಅವರು ಅತ್ತಿತ್ತ ನೋಡಿ, ಕೆಮ್ಮಿ, ತಗ್ಗಿದ ದನಿಯಲ್ಲಿ, ಕೆಲವು ಮತಗಳು ಎಣಿಕೆಗೇ ಬಾರದಂಥ ಘೋರ ಅನ್ಯಾಯ ನಡೆದಿರುವಾಗ, ತತ್ತ್ವದ ದೃಷ್ಟಿಯಿಂದ, ಇನ್ನೊಮ್ಮೆ ಮತದಾನ ನಡೆಸುವುದನ್ನು ಯಾವ ನ್ಯಾಯವಂತನೂ ವಿರೋಧಿಸಲಾರ ಎಂಬರ್ಥದ ದೀರ್ಘ ವಾಕ್ಯವೊಂದನ್ನು ಆರಂಭಿಸಿದರು. ಅದು ಮುಗಿಯುವ ಮೊದಲೇ ಕ್ಲೆಮ್ ಮನವಿಯನ್ನು ಅವರ ಮುಂದೆ ಸರಿಸಿದ.

"ಇಲ್ಲಿ ಹಾಕಿ ಮಿಸ್ಟರ್ ಪೆಂಬರ್. ಇದಕ್ಕೆ ಮಾತ್ರ ಸಹಿ ಬೇಕು."

ಪೆಂಬರ್ ಅವರು ಪೆನ್ನಿಗಾಗಿ ಜೇಬು ತಡಕುತ್ತ ಬಾಗಿಲತ್ತ ನೋಡಿದರು. ಅಡ್ಮಿರಲ್ ಖಾಯಂ ಗಿರಾಕಿಯಂತೆ ಬೆಂಕಿಯ ಮುಂದೆ ಆಗಲೇ ಕಾಲು ಚಾಚಿ ಮಲಗಿತ್ತು.

"ಪಾಪ, ಅದಕ್ಕೊಂದು ಬಿಸ್ಕತ್ತು ಕೊಡಯ್ಯ," ಎಂದರು.

"ಅದಕ್ಕೆ ಬೆಳಿಗ್ಗೆನೇ ಕೊಟ್ಟಾಯ್ತಲ್ಲ," ಎಂದ ಕ್ಲೆಮ್, ಲೋಟ ಒರೆಸುತ್ತ. "ಹಿಲ್ಡಾ ಅವರ ಜೊತೆ ಬಂದಿತ್ತು. ಅವ್ರು ಹೇಳಿ ಹೋದ್ರು: 'ಮಧ್ಯಾಹ್ನ ಡಡ್ಲಿ ಬರ್ತಾನೆ. ಪೆನ್ನು ಅವನದೇ ಇರತ್ತೆ. ಎಲ್ಲಿ ಸಹಿ ಹಾಕ್ಬೇಕು ಅಂತ ಮಾತ್ರ ಒಂಚೂರು ತೋರ್ಸಪ್ಪ.'"