ಹಿಂದಿನ ಗಾಲಿಗಳ ಒಮ್ಮತ

ಗಂಡಸೊಬ್ಬನಿಗೆ ಆಗಬಹುದಾದ ಅವಮಾನಗಳಲ್ಲಿ ಅತ್ಯಂತ ದೊಡ್ಡದು ಯಾವುದೆಂದು ಡಾಕ್ಟರ್ ಉಮಾಕಾಂತನನ್ನು ಕೇಳಿದ್ದರೆ, ಗಣಪತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಮರಳಿನಲ್ಲಿ ಹೂತುಹೋಗುವುದು ಎಂದು ತಡವರಿಸದೆ ಹೇಳುತ್ತಿದ್ದ. ಆ ಅವಮಾನವನ್ನು ಅವನು ೧೯೮೬ರ ಚೌತಿಯಲ್ಲಿ, ಬ್ರಿಸ್ಬೇನಿನ ಸಮಸ್ತ ಕನ್ನಡ ಕುಟುಂಬಗಳ ಎದುರಿಗೆ, ಸಾಂಗವಾಗಿ ಅನುಭವಿಸಿದ್ದ.

ಇಪ್ಸ್‌ವಿಚ್‌ನ ಆಸ್ಪತ್ರೆಯೊಂದರಲ್ಲಿ ಅವನು ಅರಿವಳಿಕೆ ತಜ್ಞ. ಹೆಂಡತಿ ರುಕ್ಮಿಣಿ ಮಕ್ಕಳ ಡಾಕ್ಟರು. ಊರಿನ ಕನ್ನಡಿಗರ ಗಣಪತಿ ಪ್ರತಿವರ್ಷ ಅವರ ಮನೆಯಲ್ಲೇ ಕೂರುತ್ತಿದ್ದುದಕ್ಕೆ ಎರಡು ಕಾರಣಗಳಿದ್ದವು. ಜೇಡಿಮಣ್ಣಿನಲ್ಲಿ ಗಣಪತಿ ಮಾಡುವ ಕೈ ರುಕ್ಮಿಣಿಗಿತ್ತು; ಆ ಗಣಪತಿಯನ್ನು ಮರಳು ದಾಟಿಸಿ ಕಡಲಿನ ಅಂಚಿಗೆ ಒಯ್ಯಬಲ್ಲ ಫೋರ್ ವೀಲ್ ಡ್ರೈವ್ ಗಾಡಿ ಉಮಾಕಾಂತನಿಗಿತ್ತು. ಮಣ್ಣು ಕಲೆಸುವವರನ್ನು ಯಾರೂ ಕೊಂಡಾಡುವುದಿಲ್ಲ. ಗಾಡಿ ಓಡಿಸುವವನು ಮಾತ್ರ ಸಾರಥಿ. ಈ ಬಿರುದನ್ನು ಕನ್ನಡ ಸಂಘದ ಹಿರಿಯರೊಬ್ಬರು ಒಮ್ಮೆ ಹೊಟ್ಟೆತುಂಬ ಕಡುಬು ತಿಂದ ಮೇಲೆ ದಯಪಾಲಿಸಿದ್ದರು. ಉಮಾಕಾಂತ ಅದನ್ನು ಎಂ.ಡಿ. ಪದವಿಗಿಂತ ಒಂದು ಮೆಟ್ಟಿಲು ಮೇಲೆಯೇ ಇಟ್ಟುಕೊಂಡಿದ್ದ.

ಆ ವರ್ಷ ಹಿಂದಿನ ಬಲಗಾಲಿ ಮರಳಿನಲ್ಲಿ ಗಿರಗಿರನೆ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಉತ್ತರ ಪೂಜೆಯಾಗಿ, ಪೀಠದಿಂದ ಕದಲಿಸಿ ಹೊರಗೆ ತಂದ ಗಣಪತಿಯನ್ನು ಮತ್ತೆ ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ರೇಷ್ಮೆ ಸೀರೆ, ಜರಿ ಪಂಚೆಗಳೆಲ್ಲ ಸೇರಿ ಗಾಡಿ ತಳ್ಳಿದವು. ತಳ್ಳಾಟದಲ್ಲಿ ಗಣಪತಿಯ ಸೊಂಡಿಲು ಕಳಚಿ ಬಿತ್ತು. ರುಕ್ಮಿಣಿ ತನ್ನ ವೈದ್ಯಕೀಯ ಚೀಲದಿಂದ ಪ್ಲಾಸ್ಟರ್ ತೆಗೆದು ಅಂಟಿಸಿದಳು. ವಿಘ್ನನಿವಾರಕನು ಆ ಸಲ ಪ್ರಥಮ ಚಿಕಿತ್ಸೆ ಪಡೆದೇ ನೀರಿಗಿಳಿದನು.

ಗಾಡಿ ತಳ್ಳುತ್ತಿದ್ದಾಗ ಮೀನು ಹಿಡಿಯಲು ಬಂದಿದ್ದ ಒಬ್ಬ ಮುದುಕ ಹತ್ತಿರ ಬಂದು, ಟೈರಿನ ಗಾಳಿ ಇಳಿಸಿ, ಎಂದಷ್ಟೇ ಹೇಳಿ ಹೊರಟುಹೋಗಿದ್ದ. ಉಮಾಕಾಂತ ಅವನತ್ತ ಮುಗುಳ್ನಕ್ಕಿದ್ದ. ಕೆಮ್ಮಿಗೆ ತಮ್ಮ ಅಜ್ಜಿಯ ಕಷಾಯವೇ ಸಾಕು ಎನ್ನುವ ರೋಗಿಗಳತ್ತ ಅವನು ಬೀರುತ್ತಿದ್ದ ನಗೆ ಅದು.

ಗಾಳಿಯ ವಿಷಯದಲ್ಲಿ ಅವನಿಗೆ ಮನೆತನದ ನಿಷ್ಠೆಯೊಂದಿತ್ತು. ಮೈಸೂರಿನಲ್ಲಿ ಅವನ ತಂದೆ ಸೈಕಲ್ ಹತ್ತುವ ಮೊದಲು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬೆರಳು ಒಳಗೆ ಹೋದರೆ ಆ ದಿನ ಸೈಕಲ್ಲಿಗೂ ಕಷ್ಟ, ಮಗನಿಗೂ ಕಷ್ಟ. ಸೊರಗಿದ ಟೈರಿನ ಮೇಲೆ ಹೊರಗೆ ಹೋಗುವುದೂ ಬನಿಯನ್ನಿನಲ್ಲಿ ಮದುವೆಗೆ ಹೋಗುವುದೂ ಆ ಮನೆಯಲ್ಲಿ ಒಂದೇ ಆಗಿತ್ತು.

ಮನೆಗೆ ಬಂದ ಮೇಲೆ ರುಕ್ಮಿಣಿ ಸೆರಗಿನ ಮರಳು ಕೊಡವುತ್ತ ತೀರ್ಪು ಕೊಟ್ಟಳು.

“ರೀ, ಮುಂದಿನ ವರ್ಷ ಒಂದೇ ಒಂದು ಚಾನ್ಸು. ಮತ್ತೆ ಹೂತ್ಕೊಂಡ್ರೆ ಸ್ಟೀರಿಂಗ್ ನನ್ನ ಕೈಗೆ. ಆಮೇಲೆ ಪ್ರತಿವರ್ಷ ನಾನೇ.”

ಉಮಾಕಾಂತನಿಗೆ ಕಾಲ ಕೆಳಗಿನ ನೆಲ ಜಾರಿದಂತಾಯಿತು. (ಆ ದಿನ ಅದು ಎರಡನೆಯ ಸಲ.)

ಮಾರನೆಯ ದಿನವೇ ಸಂಶೋಧನೆ ಶುರುವಾಯಿತು. ಅವನು ಮನೆಗೆ ಟೋಸ್ಟರ್ ಕೊಳ್ಳಬೇಕಾದರೂ ಇಬ್ಬರು ತಜ್ಞರ ಅಭಿಪ್ರಾಯ ಕೇಳುವ ಮನುಷ್ಯ. ಮೊದಲ ಫೋನು ಅಡಿಲೇಡಿಗೆ ಹೋಯಿತು. ಅಲ್ಲಿ ಅವನ ಸಹಪಾಠಿ, ಮೂಳೆ ಡಾಕ್ಟರ್ ಸಿದ್ದಲಿಂಗಯ್ಯ, ತನ್ನ ಗಾಡಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿ ಮರಳುಗುಡ್ಡಗಳ ಮೇಲೆ ದಿಗ್ವಿಜಯ ಸಾಧಿಸಿದ್ದನಂತೆ. ಎರಡನೆಯದು ಪರ್ತಿಗೆ. ಅಲ್ಲಿ ಚಿಕ್ಕಪ್ಪನ ಮಗ ಮಹಾಬಲೇಶ್ವರ ವೆಲ್ಷ್‌ಪೂಲ್ ಬಡಾವಣೆಯ ಗೋದಾಮೊಂದರಲ್ಲಿ ಗಾಡಿಗಳ ಬಿಡಿಭಾಗ ಮಾರುವ ಕೆಲಸದಲ್ಲಿದ್ದ. ಅವನು ಲಿಮಿಟೆಡ್ ಸ್ಲಿಪ್ಪನ್ನು ಬಿಟ್ಟು ಲಾಕರ್ ಎಂಬ ಬೇರೊಂದು ಸಾಧನದ ಪಕ್ಷ. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಗೆ, ಇನ್ನೊಬ್ಬ ಬೈದದ್ದನ್ನು ಮೊದಲಿನವನಿಗೆ ಮುಟ್ಟಿಸುತ್ತ ಉಮಾಕಾಂತ ಆಸ್ಟ್ರೇಲಿಯದ ಉದ್ದಗಲಕ್ಕೂ ರಾಯಭಾರ ನಡೆಸಿದ. (ಲಿಮಿಟೆಡ್ ಸ್ಲಿಪ್ಪಿಗೆ ಎಲ್‌ಎಸ್‌ಡಿ ಎಂಬ ಹ್ರಸ್ವನಾಮವಿದೆ; ಅದೇ ಹೆಸರಿನ ಮಾದಕವಸ್ತುವೂ ಇದೆ. ‘ಎಲ್‌ಎಸ್‌ಡಿ ಇಲ್ಲದೆ ನಿದ್ದೆ ಬರ್ತಿಲ್ಲ’ ಎಂಬಂಥ ಮಾತನ್ನು ಅರಿವಳಿಕೆ ತಜ್ಞನಾದವನು ಆಸ್ಪತ್ರೆಯ ಫೋನಿನಲ್ಲಿ ಆಡಬಾರದೆಂಬುದು ಮೊದಲ ವಾರದಲ್ಲೇ ತಿಳಿದುಬಂತು.)

ಊಟದ ಮೇಜಿನ ಮೇಲೆ ಅವನು ಎರಡು ತಟ್ಟೆಗಳನ್ನು ಗಾಲಿಗಳಾಗಿ, ಸೌಟನ್ನು ಅಚ್ಚಾಗಿ ಇಟ್ಟು ರುಕ್ಮಿಣಿಗೆ ಪಾಠ ಹೇಳಿದ. ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಎಂಬುದು ತಿರುವಿನಲ್ಲಿ ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುತ್ತದೆ. ಮರಳಿನಲ್ಲಿ ಅದೇ ಮುಳುವು. ಒಂದು ಗಾಲಿ ಹಿಡಿತ ತಪ್ಪಿ ಸುಮ್ಮನೆ ತಿರುಗತೊಡಗಿದರೆ ಇಂಜಿನ್ನಿನ ಶ್ರಮವೆಲ್ಲ ಅದಕ್ಕೇ ಹೋಗುತ್ತದೆ. ನೆಲ ಕಚ್ಚಿ ನಿಂತಿರುವ ಇನ್ನೊಂದಕ್ಕೆ ಏನೂ ದಕ್ಕುವುದಿಲ್ಲ.

“ಅಂದ್ರೆ ಕೆಲಸ ಮಾಡದೆ ಸದ್ದು ಮಾಡೋರಿಗೇ ಎಲ್ಲಾ ಸಿಗತ್ತೆ,” ಎಂದಳು ರುಕ್ಮಿಣಿ. “ಇದನ್ನ ತಿಳ್ಕೊಳ್ಳೋಕೆ ಅಡಿಲೇಡಿಗೆ ಯಾಕೆ ಫೋನ್ ಮಾಡಿದ್ರಿ? ನಮ್ಮ ಸಂಘದ ಮೀಟಿಂಗಿಗೆ ಹೋಗಿದ್ರೆ ಸಾಕಿತ್ತಲ್ಲ.”

ಉಮಾಕಾಂತ ವಿಚಲಿತನಾಗಲಿಲ್ಲ. ಲಿಮಿಟೆಡ್ ಸ್ಲಿಪ್ ಎಂಬುದು ಸಂಧಾನದ ಮಾರ್ಗ. ಜಾರುವ ಗಾಲಿಯನ್ನು ತಕ್ಕಮಟ್ಟಿಗೆ ಹಿಡಿದು, ಸ್ವಲ್ಪ ಬಲವನ್ನು ಇನ್ನೊಂದಕ್ಕೂ ಕೊಡಿಸುತ್ತದೆ. ಆದರೆ ಒಂದು ಗಾಲಿ ಪೂರಾ ಕೈಕೊಟ್ಟರೆ ಸಂಧಾನ ಮುರಿದುಬೀಳುತ್ತದೆ. ಲಾಕರ್ ಹಾಗಲ್ಲ. ಅದು ಎರಡು ಗಾಲಿಗಳನ್ನೂ ಬಿಗಿದು ಒಂದೇ ಮಾಡುತ್ತದೆ. ಒಂದು ತಿರುಗಿದರೆ ಇನ್ನೊಂದು ತಿರುಗಲೇಬೇಕು. ಸಪ್ತಪದಿ ತುಳಿದವರ ಹಾಗೆ, ಎಂದು ಅವನು ಭಾವಪೂರ್ಣವಾಗಿ ಮುಗಿಸಿದ.

“ಸರಿ. ಆ ಮೀನಿನ ಮುದುಕ ಗಾಳಿ ಇಳಿಸಿ ಅಂದಿದ್ನಲ್ಲ?”

“ಗಾಳಿ ಇಳಿಸೋದೂ ಒಂದು ಟ್ರೀಟ್‌ಮೆಂಟಾ, ರುಕ್ಮಿಣಿ? ಕಾಯಿಲೆ ಇರೋದು ಅಚ್ಚಿನಲ್ಲಿ.”

ರುಕ್ಮಿಣಿ ಗಾಲಿಗಳನ್ನು ಎತ್ತಿಕೊಂಡು ತೊಳೆಯಲು ಹೋದಳು.

ಹಬ್ಬಕ್ಕೆ ತಿಂಗಳಿರುವಾಗ ಲಾಕರ್ ಗೆದ್ದು ಗಾಡಿಯ ಹಿಂದಿನ ಅಚ್ಚಿಗೆ ಸೇರಿತು. ಅಂದಿನಿಂದ ಗಾಡಿ ಪ್ರತಿ ತಿರುವಿನಲ್ಲೂ ಹಿಂದಿನಿಂದ ಕಟ್ ಕಟ್ ಎಂದು ಮೂಳೆ ಮುರಿದ ಸದ್ದು ಮಾಡತೊಡಗಿತು. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಅದು ಆರೋಗ್ಯದ ಲಕ್ಷಣವೆಂದು ಉಮಾಕಾಂತ ಕಾರಿನೊಳಗಿನಿಂದಲೇ ಸನ್ನೆ ಮಾಡುತ್ತಿದ್ದ. ತನ್ನ ಮಾತು ಸೋತದ್ದಕ್ಕೆ ನೊಂದ ಸಿದ್ದಲಿಂಗಯ್ಯ, ಆ ಸೋಲು ಎಷ್ಟು ದಿನ ನಿಲ್ಲುತ್ತದೆಂದು ಕಣ್ಣಾರೆ ನೋಡಲು, ಹಬ್ಬದ ನೆಪದಲ್ಲಿ ಅಡಿಲೇಡಿನಿಂದ ವಿಮಾನ ಹತ್ತಿ ಬಂದ.

ವಿಸರ್ಜನೆಯ ದಿನ ಬೆಳಿಗ್ಗೆ ಉಮಾಕಾಂತ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಸರ್ವೋಗೆ, ಅಂದರೆ ಅಲ್ಲಿನ ಪೆಟ್ರೋಲ್ ಬಂಕಿಗೆ, ಒಯ್ದು ನಾಲ್ಕು ಟೈರಿಗೂ ಗಾಳಿ ತುಂಬಿಸಿದ. ಸಾಮಾನ್ಯ ದಿನಕ್ಕಿಂತ ಒಂದು ಕೈ ಹೆಚ್ಚೇ ತುಂಬಿಸಿದ. ಗಣಪತಿ ಕೂರುವ ಗಾಡಿ ಸೊರಗಿರಬಾರದಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದ. ತೆಂಗಿನಕಾಯಿ ಒತ್ತಿದಂತಿತ್ತು. ಸ್ವರ್ಗದಲ್ಲಿ ತಂದೆಯವರು ತಲೆದೂಗಿರಬೇಕು.

ಕಡಲತೀರದಲ್ಲಿ ಹತ್ತಾರು ಕುಟುಂಬಗಳು ಹರಿವಾಣ, ಮೋದಕದ ಡಬ್ಬಿ, ಮಡಚುವ ಕುರ್ಚಿಗಳೊಡನೆ ಆಗಲೇ ನೆರೆದಿದ್ದವು. ಹಿಂದಿನ ಸೀಟಿನಲ್ಲಿ ಸೊಂಡಿಲು ಗಟ್ಟಿಯಾಗಿರುವ ಹೊಸ ಗಣಪತಿ. ಅವನ ಒಂದು ಕಡೆ ರುಕ್ಮಿಣಿ, ಇನ್ನೊಂದು ಕಡೆ ಮಗಳು ಇಂದಿರಾ. ಮುಂದೆ ಸಾರಥಿಯ ಪಕ್ಕದಲ್ಲಿ ಸಿದ್ದಲಿಂಗಯ್ಯ, ಎದೆಯ ಮೇಲೆ ಕೈಕಟ್ಟಿ. ಉಮಾಕಾಂತ ಒಮ್ಮೆ ಜನರತ್ತ ನೋಡಿ, ಗೇರು ಹಾಕಿ, ಮರಳಿಗೆ ಇಳಿಸಿದ.

ಗಾಡಿ ಘನತೆಯಿಂದ ಮುಂದುವರಿಯಿತು. ಆಮೇಲೆ ಘನತೆ ಮಾತ್ರ ಮುಂದುವರಿದು ಗಾಡಿ ನಿಂತಿತು. ಉಮಾಕಾಂತ ಆಕ್ಸಿಲರೇಟರ್ ತುಳಿದ. ಲಾಕರ್ ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡಿತು. ಹಿಂದಿನ ಎರಡು ಗಾಲಿಗಳೂ ಒಂದೇ ಮನಸ್ಸಿನಿಂದ, ಒಂದೇ ವೇಗದಲ್ಲಿ ತಿರುಗಿ, ಒಂದೇ ಅಳತೆಯ ಎರಡು ಗುಂಡಿ ತೋಡಿ, ಗಾಡಿಯ ಹಿಂಭಾಗವನ್ನು ಕಿಂಚಿತ್ತೂ ವಾಲದಂತೆ ಕೆಳಗಿಳಿಸಿದವು.

ಇಂದಿರಾ ಎರಡೂ ಕಿಟಕಿಗಳಿಂದ ಬಗ್ಗಿ ನೋಡಿದಳು. “ಸೇಮ್ ಆನ್ ಬೋತ್ ಸೈಡ್ಸ್, ಡ್ಯಾಡ್.”

ರುಕ್ಮಿಣಿ ಬಾಗಿಲು ತೆರೆದು ಇಳಿದಳು. ಬಾಗಿಲು ಮುಚ್ಚಿದ ಸದ್ದು ಉಮಾಕಾಂತನಿಗೆ ಬಹಳ ಜೋರಾಗಿ ಕೇಳಿಸಿತು.

ಸಿದ್ದಲಿಂಗಯ್ಯ ಇಳಿದು, ಪ್ಯಾಂಟು ಮೇಲೆಳೆದುಕೊಂಡು, ಹೊಟ್ಟೆಯ ಮೇಲೆ ಮಲಗಿ ಗಾಡಿಯ ಹಿಂಭಾಗದ ಕೆಳಗೆ ತಲೆ ತೂರಿಸಿದ. ಉಮಾಕಾಂತನೂ ಪಕ್ಕದಲ್ಲಿ ಮಲಗಿದ. ನೆರೆದವರಿಗೆ ಕಾಣುತ್ತಿದ್ದುದು ಎರಡು ಜೊತೆ ಕಾಲುಗಳು ಮಾತ್ರ. ಕೆಳಗಿನಿಂದ ಬರುತ್ತಿದ್ದ ವಾಗ್ವಾದ ಮಾತ್ರ ಸ್ಪಷ್ಟವಾಗಿತ್ತು. ಲಿಮಿಟೆಡ್ ಸ್ಲಿಪ್ ಇದ್ದಿದ್ದರೆ ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ ಎಂದು ಒಂದು ಜೊತೆ. ಹೋಗುತ್ತಿತ್ತು, ಆದರೆ ವಕ್ರವಾಗಿ ಹೋಗುತ್ತಿತ್ತು ಎಂದು ಇನ್ನೊಂದು ಜೊತೆ. ಹೊರಗಿನಿಂದ ರುಕ್ಮಿಣಿ ಎರಡು ಸಲ, ಈಚೆಗೆ ಬನ್ನಿ ಎಂದು ಕರೆದಳು. ಅಷ್ಟು ಹೊತ್ತಿಗೆ ವಾದ ವೈದ್ಯಕೀಯ ಕಾಲೇಜಿನ ಹಳೆಯ ಜಗಳವೊಂದಕ್ಕೆ ತಲುಪಿದ್ದರಿಂದ ಇಬ್ಬರಿಗೂ ಕೇಳಿಸಲಿಲ್ಲ.

ಆಗ ಕಿವಿಯ ಬುಡದಲ್ಲೇ ಬುಸ್ಸೆಂದಿತು.

“ಉಮಾ,” ಎಂದ ಸಿದ್ದಲಿಂಗಯ್ಯ, ತೀರಾ ಮೆಲ್ಲಗೆ. “ನಿಮ್ಮ ಕಡೆ ಹಾವು ಜಾಸ್ತಿ ಅಲ್ವೇನೋ?”

“ಜಾಸ್ತಿ ಕಣೋ.”

ಬುಸುಗುಟ್ಟುವಿಕೆ ನಿಲ್ಲಲಿಲ್ಲ. ಅದರ ಜೊತೆಗೆ ಆಕಾಶವೇ ಕುಸಿಯುವಂತೆ ಬಂಪರು ನಿಧಾನವಾಗಿ ಇಳಿದು ಸಿದ್ದಲಿಂಗಯ್ಯನ ಬೋಳುತಲೆಯನ್ನು ಸವರಿತು. ಇಬ್ಬರು ತಜ್ಞರೂ ಮರಳಿನ ಏಡಿಗಳನ್ನು ನಾಚಿಸುವ ವೇಗದಲ್ಲಿ ಹಿಂದಕ್ಕೆ ತೆವಳಿ ಹೊರಬಂದರು.

ರುಕ್ಮಿಣಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಎಡಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಸುತ್ತಲಿನ ಮರಳು ಬಗೆದಿದ್ದಳು. ಮುಡಿಯಿಂದ ತೆಗೆದ ಹೇರ್‌ಪಿನ್ನಿನ ತುದಿಯನ್ನು ಟೈರಿನ ವಾಲ್ವಿನೊಳಗೆ ಒತ್ತಿ ಹಿಡಿದು, ಹಠ ಮಾಡುವ ಮಗುವಿಗೆ ಇಂಜೆಕ್ಷನ್ ಕೊಡುವಾಗಿನ ಶಾಂತಿಯಿಂದ ಗಾಳಿ ಬಿಡುತ್ತಿದ್ದಳು. ನಾಲ್ಕೂ ಟೈರುಗಳು ಕುಳಿತವರ ತೊಡೆಯಂತೆ ಅಗಲವಾಗಿ ಮರಳಿನ ಮೇಲೆ ಹರಡಿಕೊಂಡ ಮೇಲೆ ಎದ್ದು, ಗಂಡನ ಮುಂದೆ ಅಂಗೈ ಚಾಚಿದಳು.

“ಕೀ ಕೊಡಿ.”

ಕೊಡುವುದೋ ಬಿಡುವುದೋ ಎಂದು ಅವನು ಗಣಪತಿಯ ಮುಖ ನೋಡಿದ. ಗಣಪತಿ ಅವಳ ಕೈಯಲ್ಲಿ ಹುಟ್ಟಿದವನು; ಯಾರ ಪಕ್ಷವೆಂದು ಕೇಳಬೇಕಾಗಿರಲಿಲ್ಲ. ಉಮಾಕಾಂತ ಕೀಲಿಯನ್ನು ಒಪ್ಪಿಸಿದ.

ರುಕ್ಮಿಣಿ ಸ್ವಲ್ಪ ಹಿಂದಕ್ಕೆ ಸರಿಸಿ, ಮೆಲ್ಲಗೆ ಮುಂದಕ್ಕೆ ಬಿಟ್ಟಳು. ಗಾಡಿ ಹಾಸಿಗೆಯಿಂದ ಏಳುವಂತೆ ಎದ್ದು ಮರಳಿನ ಮೇಲೆ ತೇಲಿಹೋಯಿತು. ಖಾಲಿಯಿದ್ದ ಸೀಟುಗಳಿಗೆ ಆರತಿ ತಟ್ಟೆ ಹಿಡಿದ ಹಿರಿಯ ಹೆಂಗಸರು ಹತ್ತಿಕೊಂಡಿದ್ದರು. ಗಾಡಿಯ ಹಿಂದೆ, ಕಾಲಿನ ಬೂಟುಗಳಲ್ಲಿ ಮರಳು ತುಂಬಿಕೊಂಡ ಇಬ್ಬರು ಡಾಕ್ಟರುಗಳು ಓಡುತ್ತ ಬಂದರು. ಅವರು ಮುಟ್ಟುವ ಹೊತ್ತಿಗೆ ಅಲೆಗಳು ಗಣಪತಿಯನ್ನು ಸೊಂಡಿಲು ಸಮೇತ, ಅಖಂಡವಾಗಿ ಸ್ವೀಕರಿಸಿದ್ದವು. ಬಿರುದು ಕೊಟ್ಟಿದ್ದ ಹಿರಿಯರು ಮೋದಕ ಬಾಯಿಗಿಟ್ಟುಕೊಂಡು, “ಸಾರಥಿ ಅಂದ್ರೆ ನೀವಮ್ಮಾ,” ಎಂದರು.

ಮೆತ್ತಗಿನ ಟೈರಿನಲ್ಲಿ ಟಾರು ರಸ್ತೆಗೆ ಹತ್ತುವಂತಿಲ್ಲ. ಗಾಡಿಯಲ್ಲಿ ಕಾಲಿನಿಂದ ತುಳಿಯುವ ಪಂಪೊಂದಿತ್ತು. ಸಾರಥ್ಯ ಕಳೆದುಕೊಂಡ ಉಮಾಕಾಂತನಿಗೆ ಅಲ್ಲೇ, ಸರ್ವಾನುಮತದಿಂದ, ವಾಯುಖಾತೆ ವಹಿಸಲಾಯಿತು. ಉಳಿದವರು ಮಡಚುವ ಕುರ್ಚಿಗಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿರುವಾಗ ಅವನು ನಾಲ್ಕು ಟೈರುಗಳನ್ನೂ ತುಳಿದು ತುಂಬಿಸಿದ. ಸಿದ್ದಲಿಂಗಯ್ಯ ಪಕ್ಕದಲ್ಲಿ ನಿಂತು, ಮೊಣಕಾಲಿನ ಚಿಪ್ಪಿಗೆ ಇದು ಒಳ್ಳೆಯದಲ್ಲ ಎಂದು ತಜ್ಞ ಅಭಿಪ್ರಾಯ ಕೊಟ್ಟ. ಪಂಪಿನ ಮೇಲೆ ಮಾತ್ರ ಕಾಲಿಡಲಿಲ್ಲ.

ಸಂಜೆ ಉಮಾಕಾಂತ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಾಗ ಪರ್ತಿನಿಂದ ಫೋನು ಬಂತು. ರುಕ್ಮಿಣಿ ರಿಸೀವರನ್ನು ವೈರು ಎಳೆದು ತಂದುಕೊಟ್ಟಳು. ಅವಳ ಸೊಂಟದ ಗೊಂಚಲಿನಲ್ಲಿ ಹೊಸದೊಂದು ಕೀಲಿ ಸೇರಿಕೊಂಡಿತ್ತು.

“ಅಣ್ಣಾ, ಹೇಗಿತ್ತು ಲಾಕರ್?” ಎಂದ ಮಹಾಬಲೇಶ್ವರ.

“ಮಾತಿಗೆ ತಪ್ಪಲಿಲ್ಲ ಕಣೋ. ಎರಡು ಗಾಲೀನೂ ಒಟ್ಟಿಗೇ ಮುಳುಗಿದ್ವು. ಒಂಚೂರು ಭೇದಭಾವ ಮಾಡ್ಲಿಲ್ಲ.”

“ಹೋಗ್ಲಿ ಬಿಡಿ ಅಣ್ಣ, ಈಗ ಹೊಸದೊಂದು ಬಂದಿದೆ. ಬೇಕಾದಾಗ ಲಾಕ್ ಆಗತ್ತೆ, ಬೇಡದಾಗ ಬಿಡತ್ತೆ. ಒಂದು ಸ್ವಿಚ್ ಒತ್ತಿದ್ರೆ ಸಾಕು. ಅದು ಪೂರ್ತಿ ನಡೆಯೋದೇ ಗಾಳಿ ಮೇಲೆ.”

ಉಮಾಕಾಂತ ಟಬ್ಬಿನಲ್ಲಿದ್ದ ತನ್ನ ಪಾದಗಳನ್ನು ಒಮ್ಮೆ ನೋಡಿದ. ಆಮೇಲೆ, ಪ್ರಜ್ಞೆ ತಪ್ಪಿಸಿದ ರೋಗಿಯ ಕೈಯನ್ನು ಹಾಸಿಗೆಯ ಮೇಲೆ ಇಡುವಷ್ಟು ನಾಜೂಕಾಗಿ, ರಿಸೀವರನ್ನು ಕೆಳಗಿಟ್ಟ.